ಕೃಷ್ಣವಿವರದ ಘಂಟಾನಾದ

ದೇವಾಲಯದ ಘಂಟೆಯನ್ನು ಒಮ್ಮೆ ಬಾರಿಸಿದರೆ ನಾದ ಮೊಳಗಿ, ಕ್ರಮೇಣ ಕ್ಷೀಣಿಸಿ, ಮೌನದಲ್ಲಿ ಲೀನವಾಗುತ್ತದೆ. ಘಂಟೆಯನ್ನು ಕಾಣದವನೂ ಆ ಧ್ವನಿಯಿಂದಲೇ ಅದರ ಗಾತ್ರವನ್ನು ಊಹಿಸಬಲ್ಲ. ಕೃಷ್ಣವಿವರವೂ ಹೀಗೆಯೇ ನಾದಗೈಯುತ್ತದೆ ಎಂಬುದನ್ನು ಗಣಿತದ ಕಣ್ಣಿನಿಂದ ಕಂಡವರು ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರ.

1938ರಲ್ಲಿ ಜನಿಸಿದ ಇವರು ಕನ್ನಡದ ಹಿರಿಯ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ತೊಡಗಿದಾಗ ‘ಬ್ಲ್ಯಾಕ್ ಹೋಲ್’ ಎಂಬ ಹೆಸರೇ ಇನ್ನೂ ರೂಢಿಗೆ ಬಂದಿರಲಿಲ್ಲ. ಅಂಥದೊಂದು ವಸ್ತು ಇದ್ದೀತೆ ಎಂದು ಸಂಶಯಪಡುತ್ತಿದ್ದವರೇ ಬಹಳ. ವಿಶ್ವೇಶ್ವರ ಎತ್ತಿಕೊಂಡ ಪ್ರಶ್ನೆ ಸರಳವಾದದ್ದು. ಉತ್ತರ ಮಾತ್ರ ಸರಳವಲ್ಲ. ಕೃಷ್ಣವಿವರವನ್ನು ತುಸು ಅಲುಗಿಸಿದರೆ ಅದು ಛಿದ್ರವಾಗುವುದೊ, ಸ್ವಸ್ಥಿತಿಗೆ ಮರಳುವುದೊ? ಛಿದ್ರವಾಗುವುದಾದರೆ ಪ್ರಕೃತಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಭ್ರಮಣೆಯಿಲ್ಲದ ಕೃಷ್ಣವಿವರ ಸ್ಥಿರವಾಗಿ ನಿಲ್ಲುತ್ತದೆಂದು ಅವರ ಲೆಕ್ಕ ತೋರಿಸಿತು.

ಬಳಿಕ ಇನ್ನೊಂದು ಪ್ರಶ್ನೆ: ಬೆಳಕನ್ನೇ ಬಿಟ್ಟುಕೊಡದ ವಸ್ತುವನ್ನು ಗುರುತಿಸುವುದು ಹೇಗೆ? ಅದರ ಮೇಲೆ ಗುರುತ್ವತರಂಗಗಳನ್ನು ಬೀರಿ, ಮರಳಿ ಬರುವುದೇನೆಂದು ಗಣನಯಂತ್ರದಲ್ಲಿ ಪರೀಕ್ಷಿಸಿದರು. ಅಗಲವಾದ ಸ್ಪಂದವನ್ನು ಕಳಿಸಿದರೆ ಹೇಳಿಕೊಳ್ಳುವಂಥದೇನೂ ಕಾಣಲಿಲ್ಲ. ಸ್ಪಂದವನ್ನು ಕಿರಿದುಗೊಳಿಸುತ್ತ ಕೃಷ್ಣವಿವರದ ಗಾತ್ರದ ಸಮೀಪಕ್ಕೆ ತಂದಾಗ, ಹೊರಬಂದ ತರಂಗ ಘಂಟೆಯಂತೆ ಕಂಪಿಸಿ ಅಡಗಿತು! ಆ ಕಂಪನದ ಅವಧಿಯನ್ನೂ ಅದು ಅಡಗುವ ವೇಗವನ್ನೂ ನಿರ್ಧರಿಸುವುದು ಕೃಷ್ಣವಿವರದ ದ್ರವ್ಯರಾಶಿಯೇ ಹೊರತು ಬಡಿದ ಕೈಯಲ್ಲ. 1970ರಲ್ಲಿ ಈ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಬೆಳಕು ಕಂಡಿತು.

ಆದರೆ ಕೇಳುವ ಕಿವಿ ಎಲ್ಲಿತ್ತು? ವಿಶ್ವೇಶ್ವರ ಸ್ವದೇಶಕ್ಕೆ ಮರಳಿದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. 1989ರಲ್ಲಿ ತೆರೆದ ಬೆಂಗಳೂರಿನ ನೆಹರೂ ತಾರಾಲಯಕ್ಕೆ ಸ್ಥಾಪಕ ನಿರ್ದೇಶಕರಾದರು. ಅಲ್ಲಿನ ಗುಮ್ಮಟದ ಕತ್ತಲಲ್ಲಿ ನಕ್ಷತ್ರ, ನೀಹಾರಿಕೆ, ಗೆಲಾಕ್ಸಿಗಳ ಕಥೆಯನ್ನು ಕನ್ನಡದಲ್ಲಿ ಕೇಳಿದ ಶಾಲೆಯ ಮಕ್ಕಳೆಷ್ಟೋ! ಇವರು ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದರು. ಸಾಪೇಕ್ಷತೆಯನ್ನು ಸಾಮಾನ್ಯ ಓದುಗರಿಗಾಗಿ ವಿವರಿಸುವ ಇಂಗ್ಲಿಷ್ ಪುಸ್ತಕವೊಂದಕ್ಕೆ, ಸ್ನಾನದ ತೊಟ್ಟಿಯ ನೊರೆಯಲ್ಲಿ ಕೃಷ್ಣವಿವರಗಳಿವೆ ಎಂಬರ್ಥದ ಹೆಸರನ್ನಿಟ್ಟರು. ಗಹನತೆಗೂ ಗಾಂಭೀರ್ಯದ ಮುಖಮುದ್ರೆಗೂ ನಂಟಿರಲೇಬೇಕೆಂದು ಅವರು ಎಣಿಸಿದಂತಿಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ‘ಲೈಗೊ’ ಸಂಸ್ಥೆಯ ಎರಡು ಉಪಕರಣಗಳು ಕ್ಷಣಮಾತ್ರ ನಡುಗಿದವು. ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಎರಡು ಕೃಷ್ಣವಿವರಗಳು ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯ ತರಂಗರೂಪದಲ್ಲಿ ಚೆಲ್ಲಿಹೋಗಿತ್ತು. ಸಂಕೇತದ ತುದಿಯಲ್ಲಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿಹೋದ ಆ ಘಂಟಾನಾದವಿತ್ತು.

2016ರ ಫೆಬ್ರವರಿಯಲ್ಲಿ ಈ ವಾರ್ತೆ ಪ್ರಕಟವಾದಾಗ ವಿಶ್ವೇಶ್ವರರಿಗೆ 77 ವರ್ಷ. ಮರುವರ್ಷ ಜನವರಿ 16ರಂದು ಬೆಂಗಳೂರಿನಲ್ಲೇ ಅವರು ತೀರಿಕೊಂಡರು.