ಗುರುತಿಗೆ ತಗಲುವ ಬೆಲೆ: ಅರಸೀಕೆರೆಯ ವರ್ತಕರು, ಬಿಟ್‌ಕಾಯಿನ್ ಜಾಲದ ಜೊತೆಗಾರರು

ಒಡೆಯನಿಲ್ಲದ ಜಾಲಕ್ಕೆ ಹೊಸದಾಗಿ ಸೇರುವವನು ಮೊದಲು ಯಾರನ್ನು ವಿಚಾರಿಸಬೇಕು, ಅವರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಬಿಟ್‌ಕಾಯಿನ್ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉತ್ತರವನ್ನು ಹೊಯ್ಸಳರ ಕಾಲದ ಅರಸೀಕೆರೆಯ ಪಕ್ಕದಲ್ಲಿಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟದಲ್ಲಿ (1902) ಅರಸೀಕೆರೆ, ಬೇಲೂರು ತಾಲ್ಲೂಕುಗಳ ಶಾಸನಗಳಿವೆ. ಬೇಲೂರು ತಾಲ್ಲೂಕಿನ ಹಳೇಬೀಡೇ ಹೊಯ್ಸಳರ ಅಂದಿನ ರಾಜಧಾನಿ ದೋರಸಮುದ್ರ. ಅರಸೀಕೆರೆ ವರ್ತಕರ ಊರು. ಆನೆ, ಕುದುರೆ, ಮುತ್ತುಗಳನ್ನು ಹಡಗಿನಲ್ಲಿ ತರಿಸಿ ಅರಸರಿಗೆ ಮಾರಿದ ಕಮ್ಮಟ ಚಟ್ಟಿಸೆಟ್ಟಿಯ ಹೆಸರು ಇಲ್ಲಿನ ಶಾಸನದಲ್ಲಿದೆ. ನಖರ, ಉಭಯ ನಾನಾದೇಶಿ, ಮುಮ್ಮುರಿದಂಡ ಮುಂತಾದ ಸಂಘಗಳು ಅಯ್ಯಾವೊಳೆ ಐನೂರ್ವರ ದೊಡ್ಡ ಬಳಗದೊಡನೆ ನಂಟುಳ್ಳವು. ಆ ಬಳಗ ಐಹೊಳೆಯ ಹೆಸರು ಹೊತ್ತಿದ್ದರೂ ಅಲ್ಲಿಂದ ಆಳುವ ಕಚೇರಿಯೊಂದು ಇದ್ದಂತೆ ಕಾಣುವುದಿಲ್ಲ. ಸುಮಾತ್ರದ ಬಾರೂಸ್ ಬಳಿಯ 1088ರ ತಮಿಳು ಶಾಸನದಲ್ಲೂ ಇದೇ ಐನೂರ್ವರಿದ್ದಾರೆ.

ಅಷ್ಟು ದೂರ ಹರಡಿದ ಬಳಗದಲ್ಲಿ ಪರವೂರಿನವನ ಗುರುತು ಹೇಗಾಗುತ್ತಿತ್ತು? ದತ್ತಿ ಶಾಸನಗಳ ಸ್ವರೂಪದಲ್ಲೇ ಉತ್ತರವಿದೆ ಎಂಬುದು ನನ್ನ ಅಭಿಪ್ರಾಯ. ದಾನಿಯ ವಂಶ, ಗುರು, ಕೊಟ್ಟ ಭೂಮಿಯ ಎಲ್ಲೆ, ಸಾಕ್ಷಿಗಳು ಎಲ್ಲವೂ ಊರವರ ಎದುರು ಕಲ್ಲಿನ ಮೇಲೆ ನಿಲ್ಲುತ್ತಿದ್ದವು. ಕಳಚುರಿಗಳ ಸೇವೆಯಲ್ಲಿದ್ದು ಬಳಿಕ ಹೊಯ್ಸಳರಲ್ಲಿಗೆ ಬಂದ ರೇಚರಸ ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಭಕ್ತಿ ಅದರ ಮೂಲ, ನಿಜ. ಆದರೆ ಹೊರಗಿನಿಂದ ಬಂದವನ ಹೆಸರು ಆ ಊರಿನಲ್ಲಿ ಬೇರೂರಿದ್ದೂ ಅದರಿಂದಲೇ. ಇಂಥ ಸಾವಿರ ಹೆಸರುಗಳನ್ನು ಒಬ್ಬನೇ ರಾತ್ರೋರಾತ್ರಿ ಹುಟ್ಟಿಸಿಕೊಳ್ಳಲಾರ.

ಬಿಟ್‌ಕಾಯಿನ್‌ನಲ್ಲಿ ಅದು ಸಾಧ್ಯ, ತೊಡಕಿರುವುದೂ ಅಲ್ಲೇ. ಹೊಸ ನೋಡ್ (ಜಾಲಕ್ಕೆ ಸೇರುವ ಗಣಕ) ಮೊದಲ ಸಲ ಚಾಲೂ ಆದಾಗ ತಂತ್ರಾಂಶದೊಳಗೇ ಬರೆದಿಟ್ಟ ಕೆಲವು ಡಿಎನ್‌ಎಸ್ ಸೀಡ್‌ಗಳನ್ನು, ಅಂದರೆ ವಿಳಾಸ ತಿಳಿಸುವ ಸರ್ವರ್‌ಗಳನ್ನು, ಕೇಳಿ ಇತರ ನೋಡ್‌ಗಳ ವಿಳಾಸ ಪಡೆಯುತ್ತದೆ. ಕೇಂದ್ರವಿಲ್ಲದ ಜಾಲಕ್ಕೂ ಪರಿಚಯ ಮಾಡಿಕೊಡುವವರು ಬೇಕೇ ಬೇಕು! ಆಮೇಲೆ ಇತರ ನೋಡ್‌ಗಳು ಹೇಳಿದ ವಿಳಾಸಗಳು ‘ಹೊಸತು’ ಪಟ್ಟಿಗೂ, ಸಂಪರ್ಕ ಸಿಕ್ಕಿದವು ‘ಪರೀಕ್ಷಿತ’ ಪಟ್ಟಿಗೂ ಸೇರುತ್ತವೆ. 2015ರಲ್ಲಿ ಈಥನ್ ಹೈಲ್ಮನ್ ಮತ್ತು ಸಂಗಡಿಗರು ಇದರ ದುರ್ಬಲತೆಯನ್ನು ತೋರಿಸಿದರು. ಶತ್ರುವೊಬ್ಬ ತನ್ನದೇ ವಿಳಾಸಗಳನ್ನು ಈ ಪಟ್ಟಿಗಳಿಗೆ ತುಂಬಿ, ನೋಡ್ ಮರುಚಾಲನೆಯಾಗುವವರೆಗೆ ಕಾದರೆ, ಅದು ಆಗ ಹೊರಕ್ಕೆ ಮಾಡುತ್ತಿದ್ದ ಎಂಟೂ ಸಂಪರ್ಕಗಳು ಅವನ ಕೈಗೇ ಸಿಗಬಹುದಿತ್ತು. ಇದಕ್ಕೆ ‘ಗ್ರಹಣ’ (ಎಕ್ಲಿಪ್ಸ್) ದಾಳಿ ಎಂದು ಹೆಸರು; ಹಾಗೆ ಗ್ರಹಣ ಹಿಡಿದ ನೋಡ್‌ಗೆ ನಿಜವಾದ ಜಾಲ ಕಾಣುವುದೇ ಇಲ್ಲ.

ಪರಿಹಾರಗಳು ಗುರುತಿನ ಬೆಲೆಯನ್ನು ಏರಿಸುವ ಬಗೆಯವು. ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳಲ್ಲಿ ಮೊದಲೆರಡು ಒಂದೇ ಆಗಿರುವ ಐಪಿವಿ4 ವಿಳಾಸಗಳ ಗುಂಪಿನಿಂದ ಒಂದಕ್ಕಿಂತ ಹೆಚ್ಚು ಹೊರಸಂಪರ್ಕವನ್ನು ನೋಡ್ ನಡೆಸುವ ಬಿಟ್‌ಕಾಯಿನ್ ಕೋರ್ ತಂತ್ರಾಂಶ ತಾನಾಗಿ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಶತ್ರು ಹಲವು ಜಾಲಗಳಲ್ಲಿ ವಿಳಾಸ ಹೊಂದಿಸಬೇಕು. ನಡುನಡುವೆ ಹಳೆಯ ವಿಳಾಸಗಳನ್ನು ಮುಟ್ಟಿ, ಬದುಕಿವೆಯೇ ಎಂದು ನೋಡುವ ಪದ್ಧತಿಯೂ ಬಂದಿದೆ.

ಐನೂರ್ವರ ಬಳಗವೇ ಅಂದಿನ ಬ್ಲಾಕ್‌ಚೈನ್ ಎನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ವರ್ತಕರು ವ್ಯಕ್ತಿಯನ್ನು ನಂಬಿ ವ್ಯವಹಾರಕ್ಕೆ ಇಳಿಯುತ್ತಿದ್ದರು. ನೋಡ್ ಯಾರನ್ನೂ ನಂಬದೆ ಪ್ರತಿ ಬ್ಲಾಕನ್ನೂ ತಾನೇ ಪರಿಶೀಲಿಸುತ್ತದೆ. ಅದಕ್ಕೆ ಪ್ರಾಮಾಣಿಕವಾದ ಒಂದೇ ಸಂಪರ್ಕವಿದ್ದರೂ ಸಾಕು. ಆದ್ದರಿಂದ ಹಾಸನದಲ್ಲಾಗಲಿ ಬೇರೆಲ್ಲಾಗಲಿ ನೋಡ್ ನಡೆಸುವವರು ಗೆಳೆಯರ ನಾಲ್ಕು ವಿಳಾಸಗಳಿಗಷ್ಟೇ ಅದನ್ನು ಕಟ್ಟಿಹಾಕದೆ, ಬೇರೆ ಬೇರೆ ಜಾಲಗಳ ಸಂಪರ್ಕಕ್ಕೆ ದಾರಿ ಬಿಡಬೇಕು.