ಧಣಿ ಯಾರು?

ಬೆಂಗಳೂರಿನ ಬೀದಿ ಗುಡಿಸುವ ನಮ್ಮ ತಾಯಂದಿರಿಗೆ ಬಹುಕಾಲ ತಮ್ಮ ಧಣಿ ಯಾರೆಂದೇ ಗೊತ್ತಿರಲಿಲ್ಲ. ಸಂಬಳ ಕೇಳಿದರೆ ಪಾಲಿಕೆಯವರು ಕಂಟ್ರಾಕ್ಟರನ ಕಡೆ ಕೈ ತೋರಿಸಿದರು. ಬಿಲ್ಲು ಪಾಸಾಗಿಲ್ಲ ಅಂದ ಕಂಟ್ರಾಕ್ಟರ. ಇಬ್ಬರ ನಡುವೆ ಕೂಲಿ ಕರಗಿತು, ಪಿ.ಎಫ್. ದುಡ್ಡಿಗೆ ಲೆಕ್ಕ ಕೊಡೋರಿಲ್ಲ.

ಕಾನೂನು ಇರಲಿಲ್ಲವೆ? ಇತ್ತು. ವರ್ಷವಿಡೀ ನಡೆಯುವ ಕೆಲಸದಲ್ಲಿ ಗುತ್ತಿಗೆ ಪದ್ಧತಿ ನಿಷೇಧಿಸುವ ಅಧಿಕಾರವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ಬೀದಿಯ ಕಸ ಯಾವ ದಿನ ರಜೆ ಹಾಕುತ್ತೆ? ಆದರೆ 2001ರಲ್ಲಿ, ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು: ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಮೂಲ ಮಾಲೀಕರ ನೌಕರರಾಗೋದಿಲ್ಲ. ಅಂದರೆ ಕಂಟ್ರಾಕ್ಟರನ ಜೊತೆ ಕೆಲಸವೂ ಹೋಗಬಹುದು!

ಹೋರಾಡಿದ ಮೇಲೆಯೇ 2018ರಲ್ಲಿ ಪಾಲಿಕೆ ನೇರ ಸಂಬಳ ಶುರುಮಾಡಿತು. ಕಸದ ಗಾಡಿಯ ಡ್ರೈವರು, ಲೋಡರುಗಳು ಆಗಲೂ ಹೊರಗುಳಿದರು. ಕಾಯಂ ಮಾಡಿ ಎನ್ನಲು 2022ರ ಜುಲೈನಲ್ಲಿ ಮತ್ತೆ ಪೊರಕೆ ಕೆಳಗಿಡಬೇಕಾಯಿತು. ಆಗಲೇ ಸರ್ಕಾರ ಮಾತು ಕೊಟ್ಟದ್ದು.

ಡಿಗ್ರಿ ಓದಿದ ನಮಗೂ ಈಗ ಏಜೆನ್ಸಿ ಕೆಲಸವೇ ಸಿಗುತ್ತಿದೆ. ‘ನೀನು ನೌಕರನಲ್ಲ, ಪಾಲುದಾರ’ ಅಂತಾರೆ. ಲಾಭದಲ್ಲಿ ಪಾಲು ಎಲ್ಲಿ ಸ್ವಾಮಿ? ಸಹಿ ಹಾಕುವ ಮುಂಚೆ ನಾವು ಅವ್ವಂದಿರ ಪ್ರಶ್ನೆಯನ್ನೇ ಕೇಳಬೇಕು: ನಮ್ಮ ಧಣಿ ಯಾರು?