ಹಾಡೂ ಪೆಟಗಿ, ಒರಸೂ ಅರಿವಿ

ಹಳೇ ಇಂಗ್ಲಿಷ್ ಸಿನೆಮಾದಾಗ ನೋಡಿರಬೇಕು ನೀವು. ಹೋಟೆಲ್ಲಿನ ಮೂಲ್ಯಾಗ ಬಣ್ಣದ ದೀಪ ಹಚಗೊಂಡು ಒಂದು ದೊಡ್ಡ ಪೆಟಗಿ ನಿಂತಿರತದ. ರೊಕ್ಕ ಹಾಕಿ ಗುಂಡಿ ಒತ್ತಿದ್ರ ಬೇಕಾದ ಹಾಡು ಹಚ್ಚತದ. ಅದಕ್ಕ ಜೂಕ್‌ಬಾಕ್ಸ್ ಅಂತಾರ. ಹಾಡಿದವರ ಹೆಸರು ಎಲ್ಲಾರಿಗೂ ಗೊತ್ತು. ಅದನ್ನ ಒರಸಿ ಸ್ವಚ್ಛ ಇಟ್ಟವರ ಸುದ್ದಿ ಯಾರೂ ಹೇಳೂದಿಲ್ಲ. ಅದಕ್ಕ ನಾನು ಆ ಕಡಿಂದನ ಹೇಳತೇನ್ರೆವಾ.

1889ರ ನವೆಂಬರ್ 23ಕ್ಕ ಅಮೇರಿಕಾದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸೆರೆ ಅಂಗಡ್ಯಾಗ ಲೂಯಿ ಗ್ಲಾಸ್ ಅನ್ನಾಂವ ಎಡಿಸನ್ ಫೋನೋಗ್ರಾಫಿಗೆ ನಾಣ್ಯ ಹಾಕೂ ಕಿಂಡಿ ಕೂಡಿಸಿ ಇಟ್ಟ. ಧ್ವನಿ ದೊಡ್ಡದು ಮಾಡೂ ಸ್ಪೀಕರ್ ಆಗ ಎಲ್ಲಿಂದ ಬರಬೇಕು? ಡಾಕ್ಟರ ಹಂಗ ಕಿವಿಗೆ ಕೊಳವಿ ಇಟಗೊಂಡು ಕೇಳಬೇಕಿತ್ತು. ಅಂಥಾವು ನಾಕು ಕೊಳವಿ. ಒಬ್ಬರ ಕಿವಿಗೆ ಹಚ್ಚಿದ್ದು ಇನ್ನೊಬ್ಬರು ಹಚಗೋಬೇಕಲ್ಲ, ಅದಕ್ಕ ಒರಸಲಿಕ್ಕೆ ಮಗ್ಗಲಕ್ಕ ಟಾವೆಲ್ ಇಟ್ಟಿದ್ರು. ಅಂದ್ರ ಪೆಟಗಿ ಜೋಡಿನ ಒರಸೂ ಅರಿವಿನೂ ಬಂತು!

ಮುಂದ ಅರಗಿನ ತಟ್ಟಿ ಬಂದುವು. ಬಳಿ ಮಾಡೂ ಅರಗ ಅದು, ನಮ್ಮ ದೇಶದಿಂದ ಭಾಳ ಹೋಗತಿತ್ತು. ಸ್ಪಿರಿಟ್ ಹಚ್ಚಿ ಒರಸಿದ್ರ ಅರಗು ಕರಗಿ ಹಾಡ ಹೋಗತದ. ಯಾವುದನ್ನ ಯಾವುದರಿಂದ ಒರಸಬೇಕು ಅನ್ನೂದು ಗೊತ್ತಿರಬೇಕು ನೋಡ್ರಿ.

1948ಕ್ಕ ಷಿಕಾಗೋದ ಸೀಬರ್ಗ್ ಕಂಪನಿ 100 ಹಾಡಿನ ಪೆಟಗಿ ತಂತು. 50 ತಟ್ಟಿ, ಎರಡೂ ಮಗ್ಗಲ ಹಾಡತಾವು. ಸ್ಟ್ಯಾಂಡಿನಾಗ ತಾಟು ಜೋಡಿಸಿದ ಹಂಗ ತಟ್ಟಿ ನಿಂತಿರತಾವು. ಒಂದು ಗಾಡಿ ಹಳಿ ಮ್ಯಾಲ ಸರದು, ಬೇಕಾದ ತಟ್ಟಿ ಮುಂದ ನಿಂತು, ಅದನ್ನ ಎತ್ತಿ ಹಿಡದು ಹಾಡಿಸಿ, ಮತ್ತ ಅದರ ಜಾಗಾದಾಗನ ಇಡತದ. 1950ಕ್ಕ ಇಂಥಾದ್ದರಾಗ 45 ಸುತ್ತಿನ ಸಣ್ಣ ತಟ್ಟಿ ಬಂದುವು.

ಇಷ್ಟು ಗಾಲಿ, ಹಲ್ಲು, ಸ್ಪ್ರಿಂಗು ತಿರಗಲಿಕ್ಕೆ ಎಣ್ಣಿ, ಗ್ರೀಸ್ ಬೇಕ ಬೇಕು. ಆದ್ರ ವರ್ಷಾನಗಟ್ಟಲೆ ಬಿಟ್ರ ಅದ ಗ್ರೀಸು ಸಿಗರೇಟಿನ ಹೊಗಿ, ಧೂಳು ಕುಡದು ಮೇಣದಂಗ ಗಟ್ಟಿ ಆಗತದ. ಗಾಡಿ ನಡುವ ನಿಂತ ಬಿಡತದ. ನೋಡಿದವರು "ಕೆಟ್ಟತಿ, ಒಗೀರಿ" ಅಂತಾರ. ಎಷ್ಟೋ ಸಲ ಅದು ಕೆಟ್ಟಿರೂದಿಲ್ಲ, ಜಿಡ್ಡು ಹಿಡದಿರತದ.

ತಿಳದವರು ಏನ ಮಾಡತಾರಂದ್ರ, ಮೊದಲ ಕರೆಂಟ್ ತಗದು ತಟ್ಟಿ ಎಲ್ಲಾ ಹೊರಗ ಇಡತಾರ. ಬಿಚ್ಚಿದ ಒಂದೊಂದು ಭಾಗಕ್ಕೂ ಗುರ್ತು ಹಾಕತಾರ. ಬೆಂಕಿ ಇಲ್ಲದ, ಗಾಳಿ ಆಡೂ ಜಾಗಾದಾಗ ಜಿಡ್ಡು ಕರಗಿಸೂ ದ್ರಾವಣ ಹಚ್ಚಿ ಸಣ್ಣ ಬ್ರಶ್ಶಿಲೆ ತಿಕ್ಕಿ, ನೂಲು ಬಿಡದ ಅರಿವೀಲೆ ಒರಸತಾರ. ಆಮ್ಯಾಲ ತಿರಗೂ ಕಡ್ಡಿಗೆ ಒಂದ ಹನಿ ಎಣ್ಣಿ, ಹಲ್ಲಿಗೆ ತೆಳ್ಳಗ ಗ್ರೀಸ್. ರಬ್ಬರ್ ಗಾಲಿಗೆ ಎಣ್ಣಿ ಮುಟ್ಟಿಸಬಾರದು, ಜಾರತದ. ಹಳೇದು ತಗೀದ ಮ್ಯಾಲ ಮ್ಯಾಲ ಹೊಸಾ ಎಣ್ಣಿ ಸುರವಿದ್ರ ಜಿಡ್ಡು ಇನ್ನೂ ಹೆಚ್ಚ ಆಗತದ.

ಎಪ್ಪತ್ತು ವರ್ಷದ ಪೆಟಗಿ ಇವತ್ತೂ ಹಾಡತಾವಂದ್ರ ಹಿಂಗ ಕೂತು ತಿಕ್ಕಿದವರ ಪುಣ್ಯಾ. ನಿಮ್ಮ ಮನ್ಯಾಗ ಅತ್ತಿಯವರ ಕಾಲದ ಹೊಲಿಗಿ ಮಷೀನು ಜಡ ಆಗಿ ಕೂತಿದ್ರ, ಗುಜರ್ಯಾಂವಗ ಕೊಡೂಕಿಂತ ಮೊದಲ ಒಮ್ಮೆ ಹಳೇ ಜಿಡ್ಡು ತಗದು ನೋಡ್ರಿ.